ಸಾವಿನ ಮನೆಗೆ ಬಂದ ಕೆಲಸದಾಕೆ



ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಊರು ನಾಸಿಕದ ಹತ್ತಿರದ ಓಝರ್. ಮಿಗ್ ವಿಮಾನ ತಯಾರಿಸಲು 1964ರಲ್ಲಿ ಅಲ್ಲಿ ಎಚ್.ಎ.ಎಲ್. ಕಾರ್ಖಾನೆ ಬಂತು, ಜೊತೆಗೆ ಟೌನ್‌ಶಿಪ್ಪೂ ಬೆಳೆಯಿತು. ಎಚ್.ಎ.ಎಲ್.ನ ತವರು ನಮ್ಮ ಬೆಂಗಳೂರು. ಹಾಗಾಗಿ ವರ್ಗವಾಗಿ ಅಲ್ಲಿಗೆ ಹೋದ ಕನ್ನಡದ ಕುಟುಂಬವೊಂದನ್ನು ಊಹಿಸಿಕೊಳ್ಳುವುದು ಕಷ್ಟವೇನಲ್ಲ. ಆ ಕ್ವಾರ್ಟರ್ಸಿನಲ್ಲಿ ಮನೆಯೊಡತಿ ತೀರಿಕೊಂಡಿದ್ದಾರೆ. ಊರಿನಿಂದ ಅತ್ತೆ ಬಂದರು, ಚಿಕ್ಕಪ್ಪ ಬಂದರು, ಹದಿಮೂರನೆಯ ದಿನದ ಊಟ ಮುಗಿಯಿತು, ರಜೆಯೂ ಮುಗಿಯಿತು, ಎಲ್ಲರೂ ಹೊರಟರು. ಹದಿನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟುವವರು ಯಾರು ಹೇಳಿ? ಕೆಲಸದ ಬಾಯಿ! ಮಕ್ಕಳ ಬಾಯಲ್ಲಿ ಅವಳು ಮಾವಶಿ. ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋಗಿ "ಚಹಾ ಠೇವೂ ಕಾ?" ಅನ್ನುತ್ತಾಳೆ. ಚಹಾ ಇಡಲಾ ಅಂತ. ಸಮಾಧಾನದ ಮಾತು ಒಂದೂ ಇಲ್ಲ. ಆದರೂ ಆ ಮನೆಯಲ್ಲಿ ಒಲೆ ಮತ್ತೆ ಹೊತ್ತುವುದು ಅವಳ ಕೈಯಿಂದಲೇ.

ಈ ಚಿತ್ರ ನನಗೆ ನೆನಪಾದದ್ದು ಒಂದು ಕೊರಿಯನ್ ಧಾರಾವಾಹಿಯಿಂದ. ಹೆಸರು 'ದಿ ಸಸ್ಪಿಷಿಯಸ್ ಹೌಸ್‌ಕೀಪರ್'. ಅಂದರೆ ಸಂಶಯಾಸ್ಪದ ಮನೆಕೆಲಸದಾಕೆ! ಕೊರಿಯಾದ ಎಸ್.ಬಿ.ಎಸ್. ವಾಹಿನಿಯಲ್ಲಿ 2013ರ ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ 20 ಕಂತುಗಳಲ್ಲಿ ಬಂತು. 'ವಿಂಟರ್ ಸೊನಾಟಾ' ಖ್ಯಾತಿಯ ಚೋಯ್ ಜಿ ವೂ ಇದರಲ್ಲಿ ಬೋಕ್ ನ್ಯೋ ಎಂಬ ಕೆಲಸದಾಕೆ. ತಾಯಿ ನೀರುಪಾಲಾಗಿರುವ ಮನೆ, ನಾಲ್ಕು ಮಕ್ಕಳು, ಏನು ಮಾಡಬೇಕೆಂದು ತೋಚದ ಅಪ್ಪ. ಅಲ್ಲಿಗೆ ಬರುತ್ತಾಳೆ ಈಕೆ. ತಲೆಗೆ ಟೋಪಿ, ಮೈಗೆ ದಪ್ಪನೆಯ ಕೋಟು, ಮುಖದಲ್ಲಿ ನಗು ಎಂಬುದೇ ಇಲ್ಲ.

ಮೂಲ ಕಥೆ ಮಾತ್ರ ಜಪಾನಿನದು. 'ಕಸೇಫು ನೊ ಮಿತಾ' ಎಂದರೆ ಮನೆಕೆಲಸದ ಮಿತಾ. 2011ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನಿಪ್ಪಾನ್ ಟಿವಿಯಲ್ಲಿ 11 ಕಂತು ಬಂತು. ಟೋಕಿಯೊ ಸುತ್ತಲಿನ ಕಾಂತೋ ಪ್ರದೇಶದಲ್ಲಿ ಕೊನೆಯ ಕಂತಿಗೆ ಸಿಕ್ಕ ವೀಕ್ಷಕರ ಪ್ರಮಾಣ ಶೇಕಡಾ 40! ಅದೇ ವರ್ಷ ಮಾರ್ಚಿನಲ್ಲಿ ಜಪಾನ್ ಭೂಕಂಪ, ಸುನಾಮಿಗಳನ್ನು ಕಂಡಿತ್ತು. ಸಾವಿನ ಮನೆಯ ಕಥೆಯೊಂದು ಅಷ್ಟು ಜನರನ್ನು ಹಿಡಿದು ಕೂರಿಸಲು ಅದೂ ಒಂದು ಕಾರಣ ಇದ್ದೀತು ಎಂದು ನನ್ನ ಅನಿಸಿಕೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಹೆಂಗಸು ಆ ಮನೆಯನ್ನು ಸರಿಮಾಡುವುದು ಹೇಗೆ? ನೀವು ಅಂದುಕೊಂಡ ಹಾಗಲ್ಲ. ತಲೆ ನೇವರಿಸುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೇಳಿದ್ದನ್ನು ಮಾಡುತ್ತಾಳೆ, ಅಷ್ಟೆ. ಅದೇ ಭಯಂಕರ! ಜಪಾನಿನ ಮೊದಲ ಕಂತನ್ನೇ ನೋಡಿ. ಅಮ್ಮನ ಸಾಮಾನುಗಳನ್ನು ವಿಲೇವಾರಿ ಮಾಡು ಎಂದರೆ ಅಂಗಳದಲ್ಲಿ ರಾಶಿ ಹಾಕಿ ಬೆಂಕಿ ಹಚ್ಚುತ್ತಾಳೆ. ಅಮ್ಮನ ಹತ್ತಿರ ಕರೆದುಕೊಂಡು ಹೋಗು ಎಂದು ಪುಟ್ಟ ಹುಡುಗಿ ಕೇಳಿದರೆ ಕೈಹಿಡಿದು ನೀರಿಗೇ ಇಳಿಯುತ್ತಾಳೆ. ಬಾಯಿಗೆ ಬಂದಂತೆ ಆಡಿದ ಮಾತು ನಿಜವಾಗಿಬಿಟ್ಟರೆ ಏನಾಗುತ್ತದೆ ಎಂದು ಮನೆಯವರಿಗೆ ಆಗ ಗೊತ್ತಾಗುತ್ತದೆ. ಬೆಂಕಿಯಿಂದ ಸಾಮಾನು ಎಳೆಯಲು ಮಕ್ಕಳು ಓಡುತ್ತಾರೆ. ಅಮ್ಮ ಬೇಕು ಎಂದು ಅವರು ಬಾಯಿಬಿಟ್ಟು ಅಳುವುದು ಅಂಥ ಹೊತ್ತಿನಲ್ಲಿ. ಏನು ಮಾಡಲಿ ಎಂದು ಅವಳನ್ನೇ ಕೇಳಿದರೆ ಉತ್ತರ ಒಂದೇ: ಅದನ್ನು ನೀವೇ ತೀರ್ಮಾನಿಸಬೇಕು.

ನಮ್ಮ ಕಡೆಯೂ ಇಂಥ ಕಥೆ ಇಲ್ಲವೇ? ಇದೆ. ಆದರೆ ರುಚಿ ಬೇರೆ. ತಪನ್ ಸಿನ್ಹಾ ಅವರ ಬಂಗಾಳಿ ಚಿತ್ರ 'ಗಲ್ಪೊ ಹೋಲೆಯೊ ಸತ್ಯಿ' (1966), ಅದರಿಂದ ಹೃಷಿಕೇಶ್ ಮುಖರ್ಜಿಯವರ ಹಿಂದಿಯ 'ಬಾವರ್ಚಿ' (1972), ಅಲ್ಲಿಂದ ಸುದೀಪ್ ನಿರ್ದೇಶಿಸಿ ನಟಿಸಿದ ಕನ್ನಡದ 'ನಂ. 73, ಶಾಂತಿನಿವಾಸ' (2007). ಜಗಳಗಂಟಿ ಮನೆಗೆ ಅಡುಗೆಯವನು ಬರುತ್ತಾನೆ, ಮಾತಿನಲ್ಲೇ ಎಲ್ಲರನ್ನೂ ಒಲಿಸಿಕೊಳ್ಳುತ್ತಾನೆ, ಹಾಡಿಸುತ್ತಾನೆ, ನಗಿಸುತ್ತಾನೆ. ನಮಗೆ ಇಷ್ಟವಾಗುವ ಆಳು ಇಂಥವನು, ಹಸನ್ಮುಖಿ, ಸಕಲಕಲಾವಲ್ಲಭ! ಸಿನಿಮಾ ನನಗೂ ಇಷ್ಟವೇ. ಆದರೆ ಜಗಳದ ಮನೆಗೆ ಮಾತು ಮದ್ದಾದ ಹಾಗೆ ಸಾವಿನ ಮನೆಗೆ ಆಗುವುದಿಲ್ಲ. ಹದಿಮೂರು ದಿನ ನೆಂಟರ ಬಾಯಲ್ಲಿ ಸಮಾಧಾನ ಕೇಳಿ ಕೇಳಿ ಕಿವಿ ತುಂಬಿರುತ್ತದೆ. ಆಮೇಲೆ ಬೇಕಾಗುವುದು ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗುವುದು, ಯೂನಿಫಾರ್ಮ್ ಒಗೆದಿರುವುದು, ಡಬ್ಬಿ ಕಟ್ಟಿರುವುದು.

ಇನ್ನೊಂದು ವ್ಯತ್ಯಾಸವಿದೆ. ಅಡುಗೆಯವನಿಗೆ ಸ್ವಂತ ದುಃಖ ಉಂಟೇ ಎಂದು ನಮ್ಮ ಕಥೆ ಅಷ್ಟಾಗಿ ಕೆದಕುವುದಿಲ್ಲ. ಬೋಕ್ ನ್ಯೋ ಮಾತ್ರ ಗಂಡನನ್ನೂ ಮಗನನ್ನೂ ಬೆಂಕಿಯಲ್ಲಿ ಕಳೆದುಕೊಂಡವಳು. ಅಂದರೆ ಆ ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಸಾವನ್ನು ಕಂಡವಳು ಪಾತ್ರೆ ತೊಳೆಯುತ್ತ ನಿಂತಿದ್ದಾಳೆ, ಮತ್ತು ಬಹಳ ದಿನ ಯಾರೂ ಅವಳನ್ನು ಕೇಳಿರುವುದಿಲ್ಲ!

ಕಥೆಯಲ್ಲಿ ಮಾತ್ರವಲ್ಲ, ಕಾನೂನಿನಲ್ಲೂ ಇವರನ್ನು ಯಾರೂ ಕೇಳಿರಲಿಲ್ಲ. ಕೊರಿಯಾದ 1953ರ ಕಾರ್ಮಿಕ ಕಾಯಿದೆ ಮನೆಕೆಲಸದವರನ್ನು ಹೊರಗಿಟ್ಟಿತ್ತು. ಅವರಿಗಾಗಿ ಪ್ರತ್ಯೇಕ ಕಾನೂನು ಬಂದದ್ದು 2021ರಲ್ಲಿ, ಜಾರಿಯಾದದ್ದು 2022ರ ಜೂನ್‌ನಲ್ಲಿ. ಅದೂ ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕ ಬಂದವರಿಗೆ ಮಾತ್ರ. ನಮ್ಮಲ್ಲಿ ಕರ್ನಾಟಕ ಸರ್ಕಾರ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿತು. ಓಝರಿನ ಮಾವಶಿಗೆ ಅನ್ವಯವಾಗುವುದು ಮಹಾರಾಷ್ಟ್ರದ 2008ರ ಮನೆಕೆಲಸಗಾರರ ಕಲ್ಯಾಣ ಮಂಡಳಿ ಕಾಯಿದೆ. ಇವೆಲ್ಲ ಇದ್ದೂ, ಅವಳ ಮನೆಯಲ್ಲಿ ಸಾವಾದರೆ ಎಷ್ಟು ದಿನ ರಜೆ ಎಂಬುದು ಇಂದಿಗೂ ನಿಮ್ಮ ಬಾಗಿಲಲ್ಲಿ ನಿಂತು ಅವಳು ಕೇಳಬೇಕಾದ ಪ್ರಶ್ನೆ. ಮೂರು ದಿನವೇ, ಹದಿಮೂರೇ? ಸಂಬಳದಲ್ಲಿ ಕಳೆಯುತ್ತೀರಾ? ಅಂದ ಹಾಗೆ, ನಿಮ್ಮ ಮನೆಗೆ ಬರುವವರ ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ನಿಮಗೆ ಗೊತ್ತೇ?

ಜಪಾನಿನ ಕಥೆಯ ಕೊನೆ ಹೇಳಿಬಿಡುತ್ತೇನೆ. ನೋಡಬೇಕೆಂದಿದ್ದವರು ಕ್ಷಮಿಸಿ. ಬೀಳ್ಕೊಡುವ ಊಟದ ಹೊತ್ತಿನಲ್ಲಿ ಮನೆಯವರು ಅವಳಿಗೆ ಕೊನೆಯ ಅಪ್ಪಣೆಯೊಂದನ್ನು ಕೊಡುತ್ತಾರೆ: ನಗಬೇಕು. ಅಲ್ಲಿಯವರೆಗೂ ಎಲ್ಲ ಅಪ್ಪಣೆಯನ್ನೂ ಕ್ಷಣದಲ್ಲಿ ಪಾಲಿಸಿದವಳು ಇದಕ್ಕೆ ತಡಮಾಡುತ್ತಾಳೆ. ಆಮೇಲೆ ಕಣ್ಣಲ್ಲಿ ನೀರಿಟ್ಟುಕೊಂಡು ನಗುತ್ತಾಳೆ, ಮತ್ತು ಆ ಮನೆಯಿಂದ ಹೊರಡುತ್ತಾಳೆ.