ತಿಳಿವಳಿಕೆ ಎಲ್ಲಿಯವರೆಗೆ, ಚಿಕಿತ್ಸೆ ಎಲ್ಲಿಂದ?

ಪ್ರಶ್ನೆ: ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾಯಿ, ಬೆಕ್ಕುಗಳ ಕಾಯಿಲೆಗೆ ಔಷಧಿಯನ್ನೂ ಹೇಳುತ್ತಾರೆ. ಇದು ಸರಿಯೇ?
– ಓದುಗರು, ಇಂದಿರಾನಗರ, ಬೆಂಗಳೂರು

ಉತ್ತರ: ‘ನಾಯಿಗೆ ಚಾಕೊಲೇಟ್ ವಿಷ’, ‘ರೇಬೀಸ್ ಲಸಿಕೆ ತಪ್ಪಿಸಬೇಡಿ’ ಎನ್ನುವುದು ಯಾವುದೋ ಒಂದು ಪ್ರಾಣಿಗೆ ಸೀಮಿತವಲ್ಲದ ಸಾಮಾನ್ಯ ತಿಳಿವಳಿಕೆ. ಅದನ್ನು ಧಾರಾಳವಾಗಿ ಹಂಚಿಕೊಳ್ಳಿ. ಆದರೆ ‘ನಿಮ್ಮ ನಾಯಿಗೆ ಇಂಥದ್ದೇ ರೋಗ, ಈ ಮಾತ್ರೆ ಅರ್ಧ ಕೊಡಿ’ ಎಂದೊಡನೆ ಮಾತು ಗೆರೆ ದಾಟುತ್ತದೆ. ಅದು ರೋಗನಿರ್ಣಯ ಮತ್ತು ಚಿಕಿತ್ಸೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಸೆಕ್ಷನ್ ಪಶುವೈದ್ಯ ವೃತ್ತಿಯನ್ನು ನೋಂದಾಯಿತ ವೈದ್ಯರಿಗೆ ಮೀಸಲಿಟ್ಟಿದೆ.

ಇದು ಬರೀ ಕಾನೂನಿನ ಮಾತಲ್ಲ, ಜೀವದ ಪ್ರಶ್ನೆ. ನಮ್ಮ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಹೀಗಾಗಿ ರಕ್ತ ಆಮ್ಲಜನಕ ಸಾಗಿಸುವ ಗುಣವನ್ನೇ ಕಳೆದುಕೊಳ್ಳುತ್ತದೆ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಉಣ್ಣೆಹುಳುವಿನಿಂದ ಬರುವ ಜ್ವರವನ್ನು ಫೋಟೊ ನೋಡಿ ಹೇಳಲಾಗದು, ರಕ್ತಪರೀಕ್ಷೆಯೇ ಬೇಕು.

ಹಾಗೆಂದು ಗುಂಪು ಬಿಡಬೇಡಿ. ‘ಯಾವ ಔಷಧಿ ಕೊಡಲಿ?’ ಎನ್ನುವ ಬದಲು ‘ಈಗ ತೆರೆದಿರುವ ಆಸ್ಪತ್ರೆ ಯಾವುದು, ಯಾರಾದರೂ ಕಾರಿನಲ್ಲಿ ಕರೆದೊಯ್ಯುತ್ತೀರಾ?’ ಎಂದು ಕೇಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ಚಿಕಿತ್ಸೆ ಸಿಗುತ್ತದೆ. ಯಾವಾಗಿನಿಂದ ಊಟ ಬಿಟ್ಟಿದೆ, ಎಷ್ಟು ಸಲ ವಾಂತಿಯಾಯಿತು, ಏನು ತಿಂದಿತ್ತು ಎಂಬುದನ್ನು ಬರೆದುಕೊಂಡು ಹೋಗಿ. ಬಾಯಿಲ್ಲದ ಜೀವದ ಪರವಾಗಿ ವೈದ್ಯರಿಗೆ ಹೇಳಬೇಕಾದವರು ನೀವೇ.