ಗಾಜಿನ ಪೈಪಿನ ಕಿಟ್ಟ: ಶುಚಿಗೊಳಿಸುವ ಕ್ರಮ ಮತ್ತು ರಫ್ತುದಾರರ ಹೊಣೆ

ಧೂಮಪಾನದ ಗಾಜಿನ ಪೈಪು ಈ ಪತ್ರಿಕೆಯ ಪುಟಗಳಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವ ಸರಕಲ್ಲ. ರಾಜ್ಯದೊಳಗೆ ಅದಕ್ಕೆ ಹೇಳಿಕೊಳ್ಳುವಂತಹ ಮಾರುಕಟ್ಟೆಯೂ ಇಲ್ಲ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಹುಕ್ಕಾ ಉತ್ಪನ್ನಗಳ ಮಾರಾಟ ಹಾಗೂ ಸೇವನೆಯನ್ನು ನಿಷೇಧಿಸಿದ ಮೇಲಂತೂ ಆ ಬಗೆಯ ಸಾಮಗ್ರಿಗಳ ವ್ಯಾಪಾರಕ್ಕೆ ಇಲ್ಲಿ ಅವಕಾಶವೇ ಕಿರಿದಾಗಿದೆ. ಆದರೆ ಅಮೆರಿಕದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಮಾರಾಟವಾಗುವ ವಸ್ತು. ಪ್ರಯೋಗಾಲಯದ ಗಾಜಿನ ಸಾಮಾನುಗಳನ್ನು ತಯಾರಿಸುವ ಘಟಕವೊಂದು ತನ್ನಲ್ಲಿರುವ ಅದೇ ಬರ್ನರ್, ಅದೇ ಬೋರೋಸಿಲಿಕೇಟ್ ಕೊಳವೆ ಮತ್ತು ಅದೇ ಕುಶಲಕರ್ಮಿಗಳಿಂದ ಇದನ್ನೂ ತಯಾರಿಸಬಲ್ಲದು. ಆದ್ದರಿಂದ ಗಾಜಿನ ಉದ್ದಿಮೆದಾರರಿಗೆ ಇಂತಹ ವಿಚಾರಣೆಗಳು ಬಂದರೆ ಆಶ್ಚರ್ಯವಿಲ್ಲ. ಖರೀದಿದಾರರು ಪೈಪಿನೊಂದಿಗೆ ಅದನ್ನು ಶುಚಿಗೊಳಿಸುವ ಸಲಕರಣೆಯನ್ನೂ ಸೂಚನಾಪತ್ರವನ್ನೂ ಅಪೇಕ್ಷಿಸಿದಾಗ, ಅದೊಂದು ಸಣ್ಣ ಕೆಲಸವೆಂದು ತಿಳಿದು ಯಾರಿಂದಲೋ ನಾಲ್ಕು ಸಾಲು ಬರೆಸಿ ಕಳುಹಿಸುವುದು ಸುಲಭ. ಆ ನಾಲ್ಕು ಸಾಲುಗಳಲ್ಲಿ ರಸಾಯನಶಾಸ್ತ್ರವೂ, ಬೆಂಕಿಯ ಅಪಾಯವೂ, ಪರದೇಶದ ಕಾನೂನೂ ಅಡಗಿವೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಕಿಟ್ಟ ಕಟ್ಟುವ ಬಗೆ

ತಂಬಾಕು ಉರಿದಾಗ ಹೊರಬರುವ ಹೊಗೆ ಬರಿಯ ಅನಿಲವಲ್ಲ. ಅದರಲ್ಲಿ ನೀರಿನ ಆವಿ, ನಿಕೋಟಿನ್, ಮಸಿಯ ಕಣಗಳು ಹಾಗೂ ಸಾವಿರಾರು ಸಾವಯವ ಸಂಯುಕ್ತಗಳ ಸೂಕ್ಷ್ಮ ಹನಿಗಳು ಬೆರೆತಿರುತ್ತವೆ. ಬಿಸಿ ಹೊಗೆಯು ತಣ್ಣನೆಯ ಗಾಜಿನ ಗೋಡೆಯನ್ನು ತಾಗಿದೊಡನೆ ಭಾರವಾದ ಅಂಶಗಳು ಸಾಂದ್ರೀಕರಿಸಿ ಅಲ್ಲಿಯೇ ಅಂಟಿಕೊಳ್ಳುತ್ತವೆ. ಮೊದಲಿಗೆ ಕಾಣುವುದು ಜೇನಿನ ಬಣ್ಣದ ತೆಳುವಾದ ಪದರ. ಗಾಳಿಯೊಡನೆ ಎಳೆದುಬಂದ ಬೂದಿ ಅದರ ಮೇಲೆ ಕೂರುತ್ತದೆ. ಬೂದಿಯ ಮೇಲೆ ಮತ್ತೊಂದು ಪದರ ಕಟ್ಟುತ್ತದೆ. ಬಳಸಿದಂತೆಲ್ಲ ಅದು ಕಪ್ಪಾಗಿ, ಗಟ್ಟಿಯಾಗಿ, ಕೊನೆಗೆ ಡಾಂಬರಿನಂತಾಗುತ್ತದೆ. ಬಟ್ಟಲಿನ ತಳದಲ್ಲಿರುವ ಕಿರಿದಾದ ರಂಧ್ರದಲ್ಲಿ ಮತ್ತು ಕೊಳವೆಯ ಬಾಗುಗಳಲ್ಲಿ ಇದು ಅತಿ ಹೆಚ್ಚಾಗಿ ಸೇರುತ್ತದೆ. ಕುಂಚ ತಲುಪದ ಸ್ಥಳಗಳೂ ಅವೇ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮಣ್ಣಿನ ಚಿಲುಮೆಗೆ ಸೂಕ್ಷ್ಮರಂಧ್ರಗಳಿರುವುದರಿಂದ ಕಿಟ್ಟವು ಅದರ ಒಡಲಿಗೇ ಇಳಿಯುತ್ತದೆ; ಮಣ್ಣಿನ ಪೈಪುಗಳನ್ನು ಬೆಂಕಿಯಲ್ಲಿಟ್ಟು ಸುಟ್ಟು ಶುಚಿ ಮಾಡುತ್ತಿದ್ದುದು ಇದೇ ಕಾರಣಕ್ಕೆ. ಬ್ರೈಯರ್ ಮರದ ಪೈಪನ್ನು ಬಳಸುವವರು ಬಟ್ಟಲಿನೊಳಗೆ ಸುಮಾರು 1 ಮಿಲಿಮೀಟರ್ ದಪ್ಪದ ಇಂಗಾಲದ ಪದರವನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಳ್ಳುತ್ತಾರೆ. ಅದು ಮರ ಸುಡದಂತೆ ಕಾಪಾಡುತ್ತದೆ. ಗಾಜಿಗೆ ಇಂತಹ ಕವಚದ ಅಗತ್ಯವೇ ಇಲ್ಲ. ಗಾಜು ಕಿಟ್ಟವನ್ನು ಹೀರಿಕೊಳ್ಳುವುದೂ ಇಲ್ಲ. ಆದ್ದರಿಂದ ಸರಿಯಾದ ದ್ರಾವಕ ದೊರೆತರೆ ಗಾಜು ಹೊಸದರಂತೆ ಮರಳುತ್ತದೆ. ಮರದ ಪೈಪಿಗಾಗಿ ಬರೆದ ಸೂಚನೆಗಳನ್ನು ಗಾಜಿನ ಪೈಪಿನ ಪೆಟ್ಟಿಗೆಯಲ್ಲಿ ನಕಲು ಮಾಡಿ ಹಾಕುವುದು ಈ ಕಾರಣದಿಂದ ತಪ್ಪು.

ಬೆಳ್ಳಿ ಮತ್ತು ಚಿನ್ನದ ಆವಿಯನ್ನು ಗಾಜಿನ ಮೇಲೆ ಕೂರಿಸಿ ಬಣ್ಣ ತರುವ ವಿಧಾನವನ್ನು ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ನಗರದ ಕುಶಲಕರ್ಮಿ ಬಾಬ್ ಸ್ನಾಡ್‌ಗ್ರಾಸ್ ಪೈಪು ತಯಾರಿಕೆಯಲ್ಲಿ ಪ್ರಚುರಪಡಿಸಿದರು. ಅಂತಹ ಪೈಪಿನಲ್ಲಿ ಕಿಟ್ಟ ಕಪ್ಪಾದಷ್ಟೂ ಹೊರಗಿನ ಬಣ್ಣ ಗಾಢವಾಗಿ ಕಾಣುತ್ತದೆ, ಶುಚಿಗೊಳಿಸಿದರೆ ಮಸುಕಾಗುತ್ತದೆ. ಇದನ್ನರಿಯದ ಗ್ರಾಹಕನು ಬಣ್ಣ ಹೋಯಿತೆಂದು ದೂರಿದರೆ ಅದಕ್ಕೆ ಉತ್ತರ ಸೂಚನಾಪತ್ರದಲ್ಲೇ ಇರಬೇಕು.

ದ್ರಾವಕ ಮತ್ತು ಉಪ್ಪು

ಕಿಟ್ಟದ ಬಹುಭಾಗ ನೀರಿನಲ್ಲಿ ಕರಗದು. ಎಷ್ಟು ತೊಳೆದರೂ ಜಿಡ್ಡು ಉಳಿಯುವುದು ಅದಕ್ಕಾಗಿಯೇ. ಕುದಿಯುವ ನೀರು ಕಿಟ್ಟವನ್ನು ಮೆದುಗೊಳಿಸುತ್ತದೆ, ಆದರೆ ಸಡಿಲಗೊಂಡದ್ದು ನೀರು ಆರಿದೊಡನೆ ಗಾಜಿನ ಬೇರೊಂದು ಕಡೆಗೆ, ಹಲವು ಬಾರಿ ಪಾತ್ರೆಗೇ, ಅಂಟಿಕೊಳ್ಳುತ್ತದೆ. ಆಲ್ಕೋಹಾಲ್ ಹಾಗಲ್ಲ; ಅದು ಕಿಟ್ಟವನ್ನು ಕರಗಿಸಿ ತನ್ನೊಡನೆ ಒಯ್ಯುತ್ತದೆ. ಬಳಕೆಯಲ್ಲಿರುವುದು ಐಸೊಪ್ರೊಪೈಲ್ ಆಲ್ಕೋಹಾಲ್. ಅಮೆರಿಕದ ಔಷಧದ ಅಂಗಡಿಗಳಲ್ಲಿ ಇದು ಶೇಕಡಾ 70 ಮತ್ತು ಶೇಕಡಾ 91ರ ಸಾಂದ್ರತೆಯಲ್ಲಿ ದೊರೆಯುತ್ತದೆ. ಈ ಕೆಲಸಕ್ಕೆ ಎರಡನೆಯದೇ ಲೇಸು.

ಕಾರಣ ಉಪ್ಪಿನಲ್ಲಿದೆ. ದ್ರಾವಕದೊಡನೆ ಒಂದೆರಡು ಚಮಚ ಹರಳುಪ್ಪನ್ನು ಹಾಕಿ ಕುಲುಕುವುದು ರೂಢಿ. ಹರಳುಗಳು ಕುಂಚ ತಲುಪದ ಬಾಗುಗಳಿಗೆ ಹೋಗಿ ಕಿಟ್ಟವನ್ನು ಉಜ್ಜಿ ಬಿಡಿಸುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಉಪ್ಪು ಬಹುಮಟ್ಟಿಗೆ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಶೇಕಡಾ 30ರಷ್ಟು ನೀರಿರುವ ದ್ರಾವಣದಲ್ಲಿ ಹರಳುಗಳ ಅಂಚು ಸವೆದು ಅವು ನಿಷ್ಪ್ರಯೋಜಕವಾಗುತ್ತವೆ. ಇನ್ನು ಗಾಜಿಗೆ ಗೀರು ಬೀಳುವುದೇ ಎಂಬ ಪ್ರಶ್ನೆ: ಮೋಹ್ಸ್ ಗಡಸುತನದ ಮಾಪಕದಲ್ಲಿ ಉಪ್ಪಿನ ಸ್ಥಾನ ಸುಮಾರು 2.5, ಗಾಜಿನದು 5.5ಕ್ಕಿಂತ ಮೇಲೆ. ಆದ್ದರಿಂದ ಉಪ್ಪು ಗಾಜನ್ನು ಗೀರದು. ಮರಳಿನ ಗಡಸುತನ 7. ಅದು ಖಂಡಿತವಾಗಿ ಗೀರುತ್ತದೆ. ಕಣ್ಣಿಗೆ ಕಾಣದ ಗೀರು ಕೂಡ ಗಾಜಿನ ಬಲವನ್ನು ಕುಗ್ಗಿಸಿ ಮುಂದೊಂದು ದಿನ ಬಿರುಕಿನ ಆರಂಭಸ್ಥಾನವಾಗುತ್ತದೆಂಬುದು ಗಾಜಿನ ಕೆಲಸದವರಿಗೆ ಹೊಸ ವಿಷಯವೇನಲ್ಲ. ಉಕ್ಕಿನ ತಂತಿಯನ್ನು ತೂರಿಸಿ ಕೆರೆಯುವುದನ್ನೂ ಇದೇ ಕಾರಣಕ್ಕೆ ವರ್ಜಿಸಬೇಕು.

ಕ್ರಮ ಹೀಗಿದೆ. ಪೈಪು ಪೂರ್ತಿಯಾಗಿ ತಣಿದ ಮೇಲೆ ಸಡಿಲವಾದ ಬೂದಿಯನ್ನು ಕೊಡವಿ ತೆಗೆಯುವುದು; ಬಿಸಿನೀರಿನಿಂದಲ್ಲ, ಉಗುರುಬೆಚ್ಚಗಿನ ನೀರಿನಿಂದ ಒಮ್ಮೆ ತೊಳೆದು ನೀರನ್ನು ಬಸಿಯುವುದು; ಒಂದು ತುದಿಯನ್ನು ಸಿಲಿಕೋನ್ ಬಿರಡೆಯಿಂದ ಮುಚ್ಚಿ ಉಪ್ಪನ್ನೂ ದ್ರಾವಕವನ್ನೂ ಹಾಕಿ ಇನ್ನೊಂದು ತುದಿಯನ್ನೂ ಮುಚ್ಚಿ ಕುಲುಕುವುದು. ಹೊಸ ಕಿಟ್ಟವಾದರೆ ಕೆಲವೇ ನಿಮಿಷಗಳಲ್ಲಿ ದ್ರಾವಕ ಕಂದು ಬಣ್ಣಕ್ಕೆ ತಿರುಗುತ್ತದೆ. ಹಳೆಯದಾದರೆ ಮುಚ್ಚಳವುಳ್ಳ ಪಾತ್ರೆಯಲ್ಲಿ ಪೈಪನ್ನು ದ್ರಾವಕದಲ್ಲಿ ಮುಳುಗಿಸಿ ಒಂದು ರಾತ್ರಿ ಬಿಡಬೇಕು. ದ್ರಾವಕ ಕಪ್ಪಾದ ಮೇಲೆ ಅದರಲ್ಲೇ ಮತ್ತೆ ಕುಲುಕುವುದು ವ್ಯರ್ಥ, ಬದಲಿಸಬೇಕು. ಕೊನೆಗೆ ಸಾಬೂನು ನೀರಿನಿಂದ, ಆ ಮೇಲೆ ಶುದ್ಧ ನೀರಿನಿಂದ ಹಲವು ಬಾರಿ ತೊಳೆದು, ವಾಸನೆ ಸಂಪೂರ್ಣವಾಗಿ ಹೋಗುವವರೆಗೆ ಒಣಗಿಸಬೇಕು. ಆಲ್ಕೋಹಾಲಿನ ಅಂಶ ಉಳಿದಿರುವ ಪೈಪಿಗೆ ಬೆಂಕಿ ತಾಗಿಸುವುದೆಂದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ನಿಕೋಟಿನ್ ಚರ್ಮದ ಮೂಲಕವೂ ದೇಹವನ್ನು ಸೇರುವುದರಿಂದ ಕೈಗವಸು ಅವಶ್ಯಕ.

ನೀರು ತುಂಬಿಸಿ ಬಳಸುವ ಪೈಪುಗಳಲ್ಲಿ ಬಿಳಿಯ ಪೊರೆಯೊಂದು ಕಟ್ಟುತ್ತದೆ. ಅದು ಕಿಟ್ಟವಲ್ಲ, ಗಡಸು ನೀರಿನ ಸುಣ್ಣ. ನಮ್ಮ ಕೊಳವೆಬಾವಿಯ ನೀರನ್ನು ಕಾಯಿಸಿದ ಪಾತ್ರೆಯಲ್ಲಿ ಕಾಣುವುದೂ ಅದೇ. ಅದನ್ನು ತೆಗೆಯಲು ನಿಂಬೆಹುಳಿ ಅಥವಾ ವಿನೆಗರ್ ಸಾಕು. ಹುಳಿಯು ಸುಣ್ಣವನ್ನು ಕರಗಿಸುತ್ತದೆ, ಕಿಟ್ಟವನ್ನಲ್ಲ; ಆಲ್ಕೋಹಾಲ್ ಕಿಟ್ಟವನ್ನು ಕರಗಿಸುತ್ತದೆ, ಸುಣ್ಣವನ್ನಲ್ಲ. ಎರಡನ್ನೂ ಒಂದೇ ದ್ರವ ತೆಗೆಯುತ್ತದೆಂಬ ಜಾಹೀರಾತನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಒಡೆಯುವ ಗಾಜು, ಒಡೆಯದ ಗಾಜು

ಬೋರೋಸಿಲಿಕೇಟ್ ಗಾಜಿನ ಉಷ್ಣ ವಿಸ್ತರಣೆಯು ಪ್ರತಿ ಡಿಗ್ರಿಗೆ ಸುಮಾರು ಹತ್ತು ಲಕ್ಷದಲ್ಲಿ 3.3 ಪಾಲು, ಬಾಟಲಿ ಹಾಗೂ ಕಿಟಕಿಗೆ ಬಳಸುವ ಸೋಡಾಸುಣ್ಣದ ಗಾಜಿನದು ಸುಮಾರು 9 ಪಾಲು. ಎರಡನೆಯ ಬಗೆಯ ಗಾಜಿನಿಂದ ಮಾಡಿದ ಅಗ್ಗದ ಪೈಪನ್ನು ಕುದಿಯುವ ನೀರಿಗೆ ಹಾಕಿದರೆ ಬಿರಿಯುವ ಸಂಭವ ಹೆಚ್ಚು. ಬೋರೋಸಿಲಿಕೇಟ್ ತಡೆದುಕೊಳ್ಳುತ್ತದೆಯಾದರೂ, ಬೆಸುಗೆಯ ನಂತರ ಅನೀಲಿಂಗ್ ಕುಲುಮೆಯಲ್ಲಿ ನಿಧಾನವಾಗಿ ತಣಿಸದ ತುಂಡಿನಲ್ಲಿ ಒಳಒತ್ತಡ ಉಳಿದಿರುತ್ತದೆ; ಬೇಡಿಕೆಯ ಅವಸರದಲ್ಲಿ ಈ ಹಂತವನ್ನು ಕಡಿತಗೊಳಿಸಿದರೆ ತೊಳೆಯುವಾಗಲೇ ಅದು ಹೊರಬೀಳುತ್ತದೆ. ಹೀಗಾಗಿ ಕುದಿಸುವುದೇ ಆದರೆ ತಣ್ಣೀರಿನಲ್ಲಿಟ್ಟು ಮೆಲ್ಲಗೆ ಕಾಯಿಸಬೇಕು, ನೀರು ತಾನಾಗಿ ಆರುವವರೆಗೆ ಹೊರತೆಗೆಯಬಾರದು. ಯಾವ ಗಾಜು ಎಂಬುದನ್ನು ಪೆಟ್ಟಿಗೆಯ ಮೇಲೆ ಪ್ರಾಮಾಣಿಕವಾಗಿ ನಮೂದಿಸುವುದು ತಯಾರಕನಿಗೇ ಕ್ಷೇಮ.

ಬಳಸಬಾರದವು

ಅಸಿಟೋನ್ ಕಿಟ್ಟವನ್ನು ಬೇಗನೆ ಕರಗಿಸುತ್ತದೆ, ಜೊತೆಗೆ ಮೇಲಿನ ಬಣ್ಣವನ್ನೂ ಹಾಳುಮಾಡುತ್ತದೆ. ಅದರ ಜ್ವಲನಬಿಂದು ಸುಮಾರು ಮೈನಸ್ 20 ಡಿಗ್ರಿ ಸೆಲ್ಸಿಯಸ್. ಹಿಂದೆ ಪ್ರಯೋಗಾಲಯಗಳಲ್ಲಿ ಗಾಜು ತೊಳೆಯಲು ಬಳಸುತ್ತಿದ್ದ ಕ್ರೋಮಿಕ್ ಆಮ್ಲದಲ್ಲಿರುವ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಬಾಯಿಗೆ ತಾಗುವ ವಸ್ತುವಿನ ಹತ್ತಿರ ಅದು ಸುಳಿಯಲೇಬಾರದು. ಬ್ಲೀಚಿಂಗ್ ದ್ರವವನ್ನು ಆಲ್ಕೋಹಾಲಿನೊಂದಿಗಾಗಲೀ ಹುಳಿಯೊಂದಿಗಾಗಲೀ ಬೆರೆಸಿದರೆ ವಿಷಕಾರಿ ಪದಾರ್ಥಗಳು ಉಂಟಾಗುತ್ತವೆ.

ಎಲ್ಲಕ್ಕಿಂತ ಮುಖ್ಯವಾಗಿ, ಅಗ್ಗವೆಂಬ ಕಾರಣಕ್ಕೆ ಮೀಥೈಲ್ ಆಲ್ಕೋಹಾಲನ್ನು ಬದಲಿಯಾಗಿ ತುಂಬುವ ಆಲೋಚನೆಯನ್ನು ಯಾರೂ ಮಾಡಬಾರದು. ಅದು ನೋಡಲು ಐಸೊಪ್ರೊಪೈಲಿನಂತೆಯೇ ತಿಳಿಯಾಗಿರುತ್ತದೆ, ಕಿಟ್ಟವನ್ನೂ ಕರಗಿಸುತ್ತದೆ; ಆದರೆ ಸ್ವಲ್ಪ ಪ್ರಮಾಣವೂ ಕಣ್ಣನ್ನು, ಪ್ರಾಣವನ್ನು ತೆಗೆಯಬಲ್ಲದು. 1981ರಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೋಹಾಲ್ ಬೆರೆತ ಮದ್ಯದಿಂದ ಮುನ್ನೂರಕ್ಕೂ ಹೆಚ್ಚು ಜನ ಮಡಿದುದನ್ನು ಹಿರಿಯ ಓದುಗರು ಮರೆತಿರಲಾರರು.

ಘಟಕದೊಳಗಿನ ಎಚ್ಚರ

ಐಸೊಪ್ರೊಪೈಲ್ ಆಲ್ಕೋಹಾಲಿನ ಜ್ವಲನಬಿಂದು ಸುಮಾರು 12 ಡಿಗ್ರಿ ಸೆಲ್ಸಿಯಸ್. ಎಂದರೆ ನಮ್ಮ ಊರುಗಳ ಸಾಮಾನ್ಯ ಉಷ್ಣತೆಯಲ್ಲಿ ತೆರೆದಿಟ್ಟ ಪಾತ್ರೆಯ ಮೇಲೆ ಬೆಂಕಿ ಹತ್ತಬಲ್ಲ ಆವಿ ಸದಾ ಇರುತ್ತದೆ. ಗಾಳಿಯಲ್ಲಿ ಆವಿಯ ಪ್ರಮಾಣ ಶೇಕಡಾ 2ರಿಂದ 12ರವರೆಗೆ ಇದ್ದಲ್ಲಿ ಒಂದು ಕಿಡಿ ಸಾಕು. ಈ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು, ದೂರದ ಬರ್ನರನ್ನು ತಲುಪಿ, ಅಲ್ಲಿಂದ ಜ್ವಾಲೆಯನ್ನು ಹಿಂದಕ್ಕೆ ತರಬಲ್ಲದು. ಗಾಜು ಊದುವ ಘಟಕವೆಂದರೆ ಇಡೀ ದಿನ ಬರ್ನರ್ ಉರಿಯುವ ಸ್ಥಳ. ಆದುದರಿಂದ ತೊಳೆಯುವ ಕೋಣೆ ಬೇರೆಯೇ ಇರಬೇಕು, ಅದರ ಗಾಳಿ ನೆಲಮಟ್ಟದಿಂದ ಹೊರಹೋಗುವಂತಿರಬೇಕು. ಒಂದೇ ಷೆಡ್ಡಿನ ಎರಡು ಮೂಲೆಗಳು ಎರಡು ಕೋಣೆಗಳಾಗವು. ಸ್ಥಳದ ಕೊರತೆಯನ್ನು ಮುಂದೊಡ್ಡುವ ಮಾಲೀಕರಿಗೆ ನಮ್ಮ ಸಲಹೆಯೆಂದರೆ ಆ ಕೆಲಸವನ್ನೇ ಕೈಗೆತ್ತಿಕೊಳ್ಳದಿರುವುದು. ಬಳಸಿ ಉಳಿದ ದ್ರಾವಕವು 2016ರ ಅಪಾಯಕಾರಿ ತ್ಯಾಜ್ಯ ನಿಯಮಾವಳಿಯ ವ್ಯಾಪ್ತಿಗೆ ಬರುತ್ತದೆ, ಬಚ್ಚಲಿಗೆ ಸುರಿಯುವಂತಿಲ್ಲ.

ಸಾಗಣೆ ಮತ್ತು ಕಾನೂನು

ಧೂಮಪಾನದ ಪೈಪುಗಳು ಗಾಜಿನದ್ದಾದರೂ ಸುಂಕದ ವರ್ಗೀಕರಣದಲ್ಲಿ ಗಾಜಿನ 70ನೆಯ ಅಧ್ಯಾಯಕ್ಕೆ ಸೇರದೆ 9614ನೆಯ ಶೀರ್ಷಿಕೆಗೆ ಸೇರುತ್ತವೆ. ಶುಚಿಗೊಳಿಸುವ ದ್ರವವನ್ನೂ ಅದೇ ಪೆಟ್ಟಿಗೆಯಲ್ಲಿಟ್ಟರೆ ಸರಕಿನ ಸ್ವರೂಪವೇ ಬದಲಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲು ಯು.ಎನ್. 1219 ಸಂಖ್ಯೆಯ, 3ನೆಯ ವರ್ಗದ ಅಪಾಯಕಾರಿ ಸರಕು. ಘೋಷಣೆ, ವಿಶೇಷ ಪ್ಯಾಕಿಂಗ್, ವಿಮಾನ ಸಾಗಣೆಯ ಮಿತಿಗಳು ಎಲ್ಲವೂ ಅನ್ವಯಿಸುತ್ತವೆ. ಘೋಷಿಸದೆ ಕಳುಹಿಸಿದ ಒಂದು ಸಣ್ಣ ಬಾಟಲಿಗಾಗಿ ಇಡೀ ಸರಕು ತಡೆಹಿಡಿಯಲ್ಪಡಬಹುದು. ಪೈಪು, ಕುಂಚ, ಬಿರಡೆ ಮತ್ತು ಸೂಚನಾಪತ್ರ ಇಷ್ಟನ್ನೇ ಕಳುಹಿಸಿ, ದ್ರವವನ್ನು ಖರೀದಿದಾರನು ತನ್ನ ದೇಶದಲ್ಲೇ ಕೊಳ್ಳುವಂತೆ ಒಪ್ಪಂದ ಮಾಡಿಕೊಳ್ಳುವುದು ಜಾಣತನ.

ಇನ್ನು ಸೂಚನಾಪತ್ರದ ವಿಷಯ. ಅಮೆರಿಕದ ಸಂಯುಕ್ತ ಕಾನೂನಿನ 21ನೆಯ ಶೀರ್ಷಿಕೆಯ 863ನೆಯ ಪ್ರಕರಣವು ಮಾದಕ ವಸ್ತುಗಳ ಸೇವನೆಗೆ ಉದ್ದೇಶಿಸಿದ ಸಲಕರಣೆಗಳ ಮಾರಾಟ, ಆಮದು, ರಫ್ತುಗಳನ್ನು ಅಪರಾಧವೆಂದು ಪರಿಗಣಿಸಿ 3 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಗಾಜಿನ ಪೈಪನ್ನು ಹೆಸರಿಸಿಯೇ ಉಲ್ಲೇಖಿಸುತ್ತದೆ. ಸಾಂಪ್ರದಾಯಿಕವಾಗಿ ತಂಬಾಕಿಗೆ ಉದ್ದೇಶಿಸಿದ ಪೈಪಿಗೆ, ಹಾಗೆಯೇ ರಾಜ್ಯದ ಅಥವಾ ಸ್ಥಳೀಯ ಕಾನೂನಿನಿಂದ ಅಧಿಕೃತಗೊಂಡ ವ್ಯಕ್ತಿಗಳಿಗೆ ವಿನಾಯಿತಿ ಇದೆ. ವಸ್ತು ಯಾವ ಉದ್ದೇಶದ್ದೆಂದು ನಿರ್ಧರಿಸುವಾಗ ಪರಿಗಣಿಸಬಹುದಾದ ಅಂಶಗಳಲ್ಲಿ ಅದರೊಂದಿಗೆ ನೀಡಿದ ಸೂಚನೆಗಳು, ವಿವರಣಾ ಸಾಮಗ್ರಿ ಹಾಗೂ ಜಾಹೀರಾತು ಸೇರಿವೆ. ಶುಚಿಗೊಳಿಸುವ ಕ್ರಮವನ್ನು ವಿವರಿಸುವ ಕಾಗದದ ಚೂರು ಹೀಗೆ ಸಾಕ್ಷ್ಯವಾಗಬಲ್ಲದು. ಈ ಕಾನೂನು ಹೆಸರಿಗಷ್ಟೇ ಇರುವುದಲ್ಲ: 2003ರ ಫೆಬ್ರವರಿಯಲ್ಲಿ ನಡೆದ ಆಪರೇಷನ್ ಪೈಪ್ ಡ್ರೀಮ್ಸ್ ಕಾರ್ಯಾಚರಣೆಯಲ್ಲಿ 55 ಜನರ ಮೇಲೆ ಆರೋಪ ಹೊರಿಸಲಾಯಿತು, ನಟ ಟಾಮಿ ಚಾಂಗ್ ಅವರಿಗೆ ತಮ್ಮ ಕುಟುಂಬದ ಗಾಜಿನ ಪೈಪು ಕಂಪನಿಯ ವ್ಯವಹಾರಕ್ಕಾಗಿ 9 ತಿಂಗಳ ಸೆರೆವಾಸವೂ 20,000 ಡಾಲರ್ ದಂಡವೂ ಬಿದ್ದವು. ಆ ಬಳಿಕ ಅಲ್ಲಿನ ಅನೇಕ ರಾಜ್ಯಗಳು ಗಾಂಜಾ ಕುರಿತ ತಮ್ಮ ಕಾನೂನನ್ನು ಸಡಿಲಿಸಿದರೂ ಸಂಯುಕ್ತ ಕಾನೂನಿನ ಈ ಪ್ರಕರಣ ರದ್ದಾಗಿಲ್ಲ. ಖರೀದಿದಾರನ ರಾಜ್ಯ ಯಾವುದೆಂದು ಕೇಳಿ, ಅಲ್ಲಿನ ವಕೀಲರ ಲಿಖಿತ ಅಭಿಪ್ರಾಯ ಪಡೆದ ಮೇಲೆಯೇ ಬೇಡಿಕೆಯನ್ನು ಒಪ್ಪಿಕೊಳ್ಳುವುದು ಉಚಿತ.

ನಮ್ಮ ನೆಲದ ಕಾನೂನೂ ಇಲ್ಲಿ ಬರುತ್ತದೆ. ಕಿಟ್ಟ ಹೋಗುತ್ತಿಲ್ಲ, ಗಾಜು ಬಿರಿಯಿತು ಎಂಬ ದೂರು ಬಂದಾಗ ಬಳಸಿದ ಪೈಪನ್ನೇ ಪರೀಕ್ಷೆಗೆ ತರಿಸಿಕೊಳ್ಳುವುದು ಬೇರೆ ಸರಕುಗಳಲ್ಲಿ ಸಹಜ. ಈ ಸರಕಿನಲ್ಲಿ ಅದು ಸಲ್ಲದು. ಅದರೊಳಗಿನ ಕಿಟ್ಟ ತಂಬಾಕಿನದಲ್ಲದೆ ಗಾಂಜಾದ್ದಾಗಿದ್ದರೆ, ಅದನ್ನು ತರಿಸಿಕೊಂಡವನು 1985ರ ಮಾದಕ ದ್ರವ್ಯಗಳ ಕಾಯಿದೆಯಡಿ ಉತ್ತರ ಹೇಳಬೇಕಾಗಬಹುದು. ಛಾಯಾಚಿತ್ರಗಳನ್ನು ತರಿಸಿಕೊಂಡು, ಅದೇ ತಂಡದ ಬಳಸದ ತುಂಡನ್ನು ಇಲ್ಲಿಯೇ ಪರೀಕ್ಷಿಸಬೇಕು. ಬಳಸಿದ ಪೈಪುಗಳನ್ನು ಹಿಂದಕ್ಕೆ ಪಡೆಯುವುದಿಲ್ಲವೆಂಬ ಷರತ್ತನ್ನು ಮೊದಲ ಒಪ್ಪಂದದಲ್ಲೇ ಬರೆಸಬೇಕು. ಸೂಚನಾಪತ್ರದಲ್ಲಿ ತಂಬಾಕಿನ ಹೊರತು ಬೇರಾವುದರ ಹೆಸರೂ ಚಿತ್ರವೂ ಇರಬಾರದು. ಶುಚಿಯಾದ ಪೈಪಿನಿಂದ ಸೇದಿದರೆ ಆರೋಗ್ಯಕ್ಕೆ ಹಾನಿ ಕಡಿಮೆ ಎಂಬ ಮಾತೂ ಇರಬಾರದು. ಅದು ನಿಜವೂ ಅಲ್ಲ. ಹೊಗೆಯಲ್ಲಿರುವ ವಿಷ ಪೈಪನ್ನು ತೊಳೆಯುವುದರಿಂದ ಹೋಗುವುದಿಲ್ಲ.