ಮಾತೀಸನ ಕತ್ತರಿ, ಮನೆಯ ಮೊರ

ಚಕ್ರವರ್ತಿಯ ಮೂಗಿನ ಜಾಗದಲ್ಲಿ ಒಂದು ಪೇರ್ ಹಣ್ಣು. ಕೆನ್ನೆಗೆ ಸೇಬು. ತಲೆಯ ತುಂಬ ದ್ರಾಕ್ಷಿ ಗೊಂಚಲು, ಧಾನ್ಯದ ತೆನೆ. ಕತ್ತಿನಿಂದ ಕೆಳಗೆ ತರಕಾರಿ, ಹೂವು. ಸುಮಾರು 1591ರಲ್ಲಿ ಮಿಲಾನಿನ ಚಿತ್ರಕಾರ ಜುಸೆಪ್ಪೆ ಆರ್ಚಿಂಬೋಲ್ಡೊ ಬರೆದ ಎರಡನೇ ರುಡಾಲ್ಫ್ ಚಕ್ರವರ್ತಿಯ ಭಾವಚಿತ್ರ ಇದು. ಬೇರೆ ದೊರೆಯಾಗಿದ್ದರೆ ಚಿತ್ರಕಾರನ ಗತಿ ಏನಾಗುತ್ತಿತ್ತೋ! ರುಡಾಲ್ಫನಿಗೆ ಮಾತ್ರ ವಿಚಿತ್ರ ವಸ್ತುಗಳ ಹುಚ್ಚು, ನೋಡಿ ಖುಷಿಪಟ್ಟ. ಇವತ್ತು ಆ ಚಿತ್ರ ಸ್ವೀಡನ್ನಿನ ಸ್ಕೋಕ್ಲೋಸ್ಟರ್ ಅರಮನೆಯಲ್ಲಿದೆ. ಆರ್ಚಿಂಬೋಲ್ಡೊನ ಇನ್ನೊಂದು ಚಿತ್ರ ಇದಕ್ಕಿಂತ ತುಂಟತನದ್ದು. ನೆಟ್ಟಗೆ ಹಿಡಿದರೆ ಬಟ್ಟಲು ತುಂಬ ತರಕಾರಿ. ತಲೆಕೆಳಗು ಮಾಡಿದರೆ ಬಟ್ಟಲೇ ಟೋಪಿಯಾಗಿ, ಗಡ್ಡೆಗಳೆಲ್ಲ ಸೇರಿ ತೋಟಗಾರನ ಮುಖ.

ಈ ಎರಡನ್ನೂ ಫೋನಿನಲ್ಲಿ ನಾಲ್ಕು ವರ್ಷದ ಮಗುವಿಗೆ ತೋರಿಸಿ, ಸಂತೆಯಿಂದ ಬಂದ ಚೀಲವನ್ನು ನೆಲಕ್ಕೆ ಸುರಿದರೆ ಸಾಕು, ಮುಂದಿನ ಅರ್ಧ ಗಂಟೆ ಅಡುಗೆಮನೆಯಲ್ಲಿ ಬೇರೆ ಆಟಿಕೆ ಬೇಕಿಲ್ಲ. ಮೊರವೇ ಹಲಗೆ. ಬದನೆಕಾಯಿ ಮೂಗು, ಬೀನ್ಸು ಬಾಯಿ, ಕೊತ್ತಂಬರಿ ಸೊಪ್ಪು ಕೂದಲು. ಹಾಗಲಕಾಯಿ ಸಿಕ್ಕಿದರೆ ಹುಬ್ಬಿಗೆ ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ. ಅಜ್ಜನ ಮುಖ ಮಾಡಬೇಕೆಂದು ಹೊರಟ ಮಗು ನಡುವೆ ಮನಸ್ಸು ಬದಲಿಸಿ ಅದನ್ನು ರಾಕ್ಷಸ ಮಾಡಬಹುದು, ಮಾಡಲಿ. ಒಂದು ಫೋಟೊ ತೆಗೆದುಕೊಂಡು, ರಾಕ್ಷಸನನ್ನು ಹೆಚ್ಚಿ ಹುಳಿಗೆ ಹಾಕಿದರೆ ಆಯಿತು. ಸಾಮಾನು ಖರ್ಚಿಲ್ಲ, ತೊಳೆಯುವ ಕೆಲಸವಿಲ್ಲ. ತಟ್ಟೆಯಲ್ಲಿ ಹಾಗಲಕಾಯಿ ಕಂಡರೆ ಓಡುವ ಮಗು ಕೂಡ ಕೈಯಲ್ಲಿ ಹಿಡಿದು ಅದರ ಗಂಟುಗಳನ್ನು ಸವರಿ ನೋಡಿರುತ್ತದೆ.

ದೊಡ್ಡ ಕಲಾವಿದರ ಹೆಸರಿನಲ್ಲಿ ಮಕ್ಕಳಿಂದ ಚಿತ್ರ ಮಾಡಿಸುವುದು ಬೇಸಿಗೆ ಶಿಬಿರಗಳಲ್ಲಿ ಹೊಸತೇನಲ್ಲ. ವ್ಯಾನ್ ಗೋನ ನಕ್ಷತ್ರಗಳ ರಾತ್ರಿಯನ್ನು ಗೋಡೆಗೆ ಅಂಟಿಸಿ, ಎಲ್ಲರೂ ಅದರಂತೆಯೇ ಬರೆಯಿರಿ ಎನ್ನುತ್ತಾರೆ. ಸಂಜೆ ಹೊತ್ತಿಗೆ ನೀಲಿ ಸುಳಿಗಳ ಹಾಳೆಗಳು ಸಾಲಾಗಿ ನೇತಾಡುತ್ತವೆ, ಯಾವುದು ಯಾರದೆಂದು ಹೆತ್ತವರಿಗೂ ಗೊತ್ತಾಗದಷ್ಟು ಒಂದೇ ಥರ. ಅದು ನಕಲು, ಅಷ್ಟೆ. ವ್ಯಾನ್ ಗೋನಿಂದ ಐದು ವರ್ಷದ ಮಗು ತೆಗೆದುಕೊಳ್ಳಬಹುದಾದದ್ದು ಸುಳಿಯನ್ನಲ್ಲ, ಬಣ್ಣದ ದಪ್ಪವನ್ನು. 1889ರಲ್ಲಿ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾಗ ಆ ಚಿತ್ರ ಬರೆದ ಅವನು ಬಣ್ಣವನ್ನು ಮೆತ್ತುತ್ತಿದ್ದ, ಕುಂಚದ ಗೆರೆ ಎದ್ದು ಕಾಣುವಂತೆ. ಪೋಸ್ಟರ್ ಬಣ್ಣಕ್ಕೆ ಮೈದಾ ಅಂಟು ಕಲಸಿ, ರಟ್ಟಿನ ಮೇಲೆ ಮೆತ್ತಿ, ಹಳೆಯ ಫೋರ್ಕಿನಿಂದಲೋ ಬಾಚಣಿಗೆಯಿಂದಲೋ ಎಳೆಯಲು ಬಿಟ್ಟರೆ ಆ ಗುಟ್ಟು ಮಗುವಿನ ಕೈಗೇ ತಿಳಿಯುತ್ತದೆ. ಏನು ಬರೆಯಬೇಕೆನ್ನುವುದು ಮಗುವಿಗೆ ಬಿಟ್ಟದ್ದು. ಚಿತ್ರದ ಬದಲು ಕೆಲಸದ ಕ್ರಮವನ್ನು ಕಡ ಪಡೆಯುವುದು, ಈ ಇಡೀ ಆಟದ ಮರ್ಮ ಇಷ್ಟೇ.

ನಕಲಿನ ಬಗ್ಗೆ ಈ ಅಸಮಾಧಾನ ಹಳೆಯದು. ವಿಯೆನ್ನಾದ ಫ್ರಾಂಜ್ ಚಿಜೆಕ್ 1897ರಲ್ಲೇ ಮಕ್ಕಳಿಗಾಗಿ ಚಿತ್ರಕಲಾ ತರಗತಿ ತೆರೆದು, ಮಕ್ಕಳ ಚಿತ್ರಕ್ಕೆ ಅದರದೇ ರೀತಿನೀತಿ ಇದೆ ಎಂದು ವಾದಿಸಿದ. ಅದೇ ನಾಡಿನಿಂದ ಅಮೆರಿಕಕ್ಕೆ ಹೋದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಬರೆದ ಪುಸ್ತಕ ಕಲಾಶಿಕ್ಷಕರ ಕೈಪಿಡಿಯೇ ಆಗಿಹೋಯಿತು; ಗೆರೆಯೊಳಗೆ ಬಣ್ಣ ತುಂಬುವ ಪುಸ್ತಕಗಳನ್ನು ಅವನು ಖಂಡಿಸಿದ. ಬೇರೆಯವರು ಬರೆದ ನಾಯಿಗೆ ಬಣ್ಣ ತುಂಬಿದ ಮಗು ತನ್ನ ನಾಯಿಯನ್ನು ತಾನೇ ಬರೆಯುವ ಧೈರ್ಯ ಕಳೆದುಕೊಳ್ಳುತ್ತದೆ ಎಂಬುದು ಅವನ ವಾದದ ತಿರುಳು.

ಕ್ರಮವನ್ನು ಕಡ ಪಡೆಯಲು ಹೇಳಿ ಮಾಡಿಸಿದವನು ಆನ್ರಿ ಮಾತೀಸ್. 1941ರಲ್ಲಿ, ಎಪ್ಪತ್ತು ದಾಟಿದ್ದ ಅವನಿಗೆ ಲಿಯೋನ್ ನಗರದಲ್ಲಿ ಹೊಟ್ಟೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಯಿತು. ಬದುಕಿಕೊಂಡ, ಆದರೆ ಈಸಲ್ ಮುಂದೆ ಗಂಟೆಗಟ್ಟಲೆ ನಿಲ್ಲುವ ಶಕ್ತಿ ಉಳಿಯಲಿಲ್ಲ. ಹಾಸಿಗೆ, ಗಾಲಿಕುರ್ಚಿ, ಇಷ್ಟರಲ್ಲೇ ದಿನ. ಅವನು ಹಿಡಿದದ್ದು ಕತ್ತರಿ. ಸಹಾಯಕಿಯರು ಹಾಳೆಗಳಿಗೆ ಗೌಶ್ ಬಣ್ಣ ಬಳಿದು ಒಣಗಿಸಿ ಕೊಡುತ್ತಿದ್ದರು. ಮಾತೀಸ್ ಪೆನ್ಸಿಲ್ ಗುರುತು ಹಾಕಿಕೊಳ್ಳದೆ ನೇರವಾಗಿ ಕತ್ತರಿಸುತ್ತಿದ್ದ. ತುಂಡುಗಳನ್ನು ಗುಂಡುಸೂಜಿಯಿಂದ ಗೋಡೆಗೆ ಚುಚ್ಚಿಸಿ, ಕುರ್ಚಿಯಲ್ಲಿ ಕೂತು, ಇನ್ನಷ್ಟು ಎಡಕ್ಕೆ, ಸ್ವಲ್ಪ ಕೆಳಗೆ ಎನ್ನುತ್ತ ಒಪ್ಪಿಗೆಯಾಗುವವರೆಗೆ ಜಾಗ ಬದಲಾಯಿಸುತ್ತಿದ್ದ. 1947ರ 'ಜಾಝ್' ಪುಸ್ತಕ ಹುಟ್ಟಿದ್ದು ಹೀಗೆ. ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ 1953ರ 'ಬಸವನಹುಳು' ಕೂಡ ಹೀಗೇ ಆದದ್ದು. ಒಂದೊಂದು ಬದಿಯೂ ಎರಡು ಮುಕ್ಕಾಲು ಮೀಟರಿಗಿಂತ ಉದ್ದ. ಅದರಲ್ಲಿ ಬಸವನಹುಳುವಿನ ಕೊಂಬಾಗಲಿ ಕಣ್ಣಾಗಲಿ ಕಾಣುವುದಿಲ್ಲ. ಸುತ್ತಿ ಸುತ್ತಿ ಕೂತ ಬಣ್ಣದ ಚೌಕಗಳಷ್ಟೇ.

ಇದನ್ನು ಮನೆಗೆ ತರುವಾಗ ಹಲವರು ಒಂದು ಹಂತವನ್ನು ಹಾರಿಸಿಬಿಡುತ್ತಾರೆ. ಅಂಗಡಿಯ ಬಣ್ಣದ ಕಾಗದ ತಂದು ನೇರ ಕತ್ತರಿಗೆ ಇಳಿಯುತ್ತಾರೆ. ಬಣ್ಣ ಬಳಿಯುವುದೇ ಅರ್ಧ ಸುಖ. ಒಂದು ದಿನ ಹಾಳೆಗಳಿಗೆಲ್ಲ ದೊಡ್ಡ ಕುಂಚದಿಂದ ಬಣ್ಣ ಬಳಿದು ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ ಹಾಕಿ ಬಿಡಬೇಕು. ಮಾರನೆಯ ದಿನ ಕತ್ತರಿ. ಮೊಂಡು ತುದಿಯ ಕತ್ತರಿ ಹಿಡಿಯಲು ಬಾರದ ಎರಡು, ಮೂರು ವರ್ಷದವರು ಕೈಯಿಂದ ಹರಿಯಲಿ. ಹರಿದ ಅಂಚಿನ ಬಿಳಿ ಎಳೆಗೆ ಅದರದೇ ಚೆಂದವಿದೆ. ಗೋಂದನ್ನು ಕೊನೆಯವರೆಗೂ ಹೊರಗೆ ತೆಗೆಯಬಾರದು. ತುಂಡುಗಳನ್ನು ಹಾಳೆಯ ಮೇಲೆ ಸುಮ್ಮನೆ ಇಟ್ಟು, ಸರಿಸಿ, ಮತ್ತೆ ಸರಿಸಿ ನೋಡುವ ಹೊತ್ತಿನಲ್ಲೇ ಮಗು ನಿಜವಾಗಿ ಯೋಚಿಸುತ್ತಿರುತ್ತದೆ. ಕೆಂಪಿನ ಪಕ್ಕ ಹಸಿರು ಇಟ್ಟಾಗ ಎರಡೂ ಕಿರುಚಿದಂತೆ ಕಾಣುವುದನ್ನು ಅದು ಗಮನಿಸುತ್ತದೆ, ಬಾಯಿಬಿಟ್ಟು ಹೇಳದಿದ್ದರೂ. ಕತ್ತರಿಸಿದ ಮೇಲೆ ಉಳಿದ ಚೂರನ್ನು ಕಸಕ್ಕೆ ಹಾಕದಿರುವುದು ಲೇಸು. ಎಲೆ ಕತ್ತರಿಸಿ ತೆಗೆದ ಹಾಳೆಯಲ್ಲಿ ಎಲೆಯಾಕಾರದ ತೂತು ಉಳಿದಿರುತ್ತದಲ್ಲ, ಮಾತೀಸ್ ಅಂಥವನ್ನೂ ಬಳಸುತ್ತಿದ್ದ.

ಕತ್ತರಿಯೂ ಬೇಡ, ಬಣ್ಣವೂ ಬೇಡ ಎನ್ನುವವರಿಗೆ ರವೀಂದ್ರನಾಥ ಟ್ಯಾಗೋರರಿದ್ದಾರೆ. ಕವಿತೆ ತಿದ್ದುವಾಗ ಹೊಡೆದುಹಾಕಿದ ಸಾಲುಗಳು ಹಾಳೆಯ ಮೇಲೆ ಕಾಟಾಗಿ ಉಳಿಯುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲವೋ ಏನೋ, ಕಾಟುಗಳನ್ನು ಒಂದಕ್ಕೊಂದು ಜೋಡಿಸಿ ಕೊಕ್ಕು, ಬಾಲ, ಕಾಲು ಮೂಡಿಸುತ್ತಿದ್ದರು. 1924ರ ಹೊತ್ತಿನ 'ಪೂರಬಿ' ಹಸ್ತಪ್ರತಿಯಲ್ಲಿ ಇಂಥ ಹೆಸರಿಲ್ಲದ ಪ್ರಾಣಿಗಳು ತುಂಬಿವೆ. ಆಗ ಅವರಿಗೆ ಅರವತ್ತು ದಾಟಿತ್ತು, ಚಿತ್ರಕಲೆಯ ಶಾಸ್ತ್ರೀಯ ತರಬೇತಿ ಇರಲಿಲ್ಲ. 1930ರಲ್ಲಿ ಪ್ಯಾರಿಸ್ಸಿನ ಪಿಗಾಲ್ ಗ್ಯಾಲರಿಯಲ್ಲಿ ಮೊದಲ ಪ್ರದರ್ಶನ. ಕೊನೆಗೆ ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಚಿತ್ರ.

ಹಳೆಯ ದಿನಸಿ ಚೀಟಿ ಇದಕ್ಕೆ ಸಾಕು. ತೊಗರಿಬೇಳೆ, ಬೆಲ್ಲ, ಸಾಸಿವೆ ಎಂದು ಬರೆದು, ತಂದ ಮೇಲೆ ಗೀಟು ಹೊಡೆದ ಚೀಟಿ. ಬೆಲ್ಲದ ಮೇಲಿನ ಗೀಟಿಗೆ ನಾಲ್ಕು ಕಾಲು ಬಂದರೆ? ಸಾಸಿವೆಯ ಬಾಲ ಬೇಳೆಯವರೆಗೂ ಹೋದರೆ? ಓದಲು ಬಾರದ ಮಗುವಿಗೆ ಅದರಲ್ಲಿ ಅಕ್ಷರ ಕಾಣುವುದೇ ಇಲ್ಲ, ಬರೀ ಆಕಾರ. ಹಾಗಾಗಿ ದೊಡ್ಡವರಿಗಿಂತ ಬೇಗ ಪ್ರಾಣಿ ಹುಡುಕಿ ಕೊಡುತ್ತದೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಈ ಆಟದ ಇನ್ನೊಂದು ಉಪಯೋಗವಿದೆ. ಆರೇಳು ವರ್ಷಕ್ಕೆ ರಬ್ಬರಿನ ಗೀಳು ಶುರುವಾಗುತ್ತದೆ: ಗೆರೆ ಸೊಟ್ಟಗಾಯಿತು, ಅಳಿಸು, ಮತ್ತೆ ಸೊಟ್ಟಗಾಯಿತು, ಹಾಳೆ ಹರಿ. ಕಾಟನ್ನೇ ಕಾಲು ಮಾಡಿದ ಅಜ್ಜನೊಬ್ಬನಿದ್ದ ಎಂದು ಗೊತ್ತಾದ ಮಗು ರಬ್ಬರನ್ನು ಕೊಂಚ ಕಡಿಮೆ ಹುಡುಕುತ್ತದೆ.

ಚುಕ್ಕಿಯ ಆಟಕ್ಕೆ ಜಪಾನಿನ ಯಾಯೋಯಿ ಕುಸಾಮಾ ಇದ್ದೇ ಇದ್ದಾರೆ. 1929ರಲ್ಲಿ ಹುಟ್ಟಿದ ಇವರು ಬದುಕಿಡೀ ಚುಕ್ಕಿಗಳ ಹಿಂದೆ ಬಿದ್ದವರು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಗೆ 2002ರಲ್ಲಿ ಮಕ್ಕಳಿಗೆಂದೇ ಒಂದು ಕೋಣೆ ಮಾಡಿಕೊಟ್ಟರು. ಗೋಡೆ, ಮೇಜು, ಕುರ್ಚಿ ಎಲ್ಲವೂ ಅಚ್ಚ ಬಿಳಿ. ಒಳಗೆ ಬಂದ ಮಕ್ಕಳ ಕೈಗೆ ಬಣ್ಣದ ದುಂಡು ಸ್ಟಿಕ್ಕರುಗಳು, ಎಲ್ಲಿ ಬೇಕಾದರೂ ಅಂಟಿಸಬಹುದು. ದಿನ ಕಳೆದಂತೆ ಬಿಳಿ ಮಾಯವಾಗಿ ಕೋಣೆ ಚುಕ್ಕಿಗಳಲ್ಲಿ ಮುಳುಗಿತು. ಭಾರತದ ಮನೆಗಳಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಕನ್ನಡಿಯ ಮೂಲೆಯಲ್ಲೇ ಇರುತ್ತದೆ: ಸ್ಟಿಕ್ಕರ್ ಬಿಂದಿ. ದೆಹಲಿಯಲ್ಲಿ ಕೆಲಸ ಮಾಡುವ ಭಾರ್ತಿ ಖೇರ್ 2006ರಲ್ಲಿ ಕುಸಿದು ಮಲಗಿದ ಆನೆಯ ಫೈಬರ್‌ಗ್ಲಾಸ್ ಶಿಲ್ಪಕ್ಕೆ ಮೈಯೆಲ್ಲ ಬಿಂದಿಯನ್ನೇ ಅಂಟಿಸಿದ್ದರು. ಒಂದು ರಟ್ಟಿನ ಡಬ್ಬಕ್ಕೆ ಸುಣ್ಣವೋ ಬಿಳಿ ಬಣ್ಣವೋ ಬಳಿದು ಒಣಗಿಸಿ, ಸಂತೆಯ ಅಗ್ಗದ ಬಿಂದಿ ಪ್ಯಾಕೆಟ್ಟುಗಳನ್ನು ಮಗುವಿಗೆ ಒಪ್ಪಿಸಿದರೆ ಉಳಿದದ್ದು ತಾನಾಗಿ ನಡೆಯುತ್ತದೆ. ಸಣ್ಣ ಬಿಂದಿ ಕೀಳುವ ಬೆರಳಿನ ಕಸರತ್ತು ಪೆನ್ಸಿಲ್ ಹಿಡಿಯಲು ಒಳ್ಳೆಯ ತಾಲೀಮು. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನವರ ಮುಂದೆ ಮಾತ್ರ ಈ ಆಟ ಬೇಡ.

ರಂಪ ಎಂದು ಹೆದರುವವರು ಜಾಕ್ಸನ್ ಪೊಲಾಕ್‌ನನ್ನು ಮಹಡಿಗೆ ಕಳಿಸಬೇಕು. ಅಮೆರಿಕದ ಲಾಂಗ್ ಐಲ್ಯಾಂಡಿನ ಕೊಟ್ಟಿಗೆಯಲ್ಲಿ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಮನೆಗೆ ಬಳಿಯುವ ಬಣ್ಣವನ್ನು ಕಡ್ಡಿಯಿಂದ ಸುರಿಸುತ್ತ ಸುತ್ತ ಓಡಾಡಿದವನು ಅವನು. ಇಲ್ಲಿಗೆ ಹಳೆಯ ಬೆಡ್‌ಶೀಟ್, ನೀರು ಬೆರೆಸಿದ ಪೋಸ್ಟರ್ ಬಣ್ಣ, ಪೊರಕೆಯಿಂದ ಕಿತ್ತ ನಾಲ್ಕು ತೆಂಗಿನ ಕಡ್ಡಿ. ಮಹಡಿ ಇಲ್ಲದ ಫ್ಲ್ಯಾಟಿನವರಿಗೆ ಸ್ನಾನದ ಕೋಣೆಯ ಟೈಲ್ಸ್ ಗೋಡೆ ಇದೆ. ಚಿತ್ರ ಮುಗಿದ ಕೂಡಲೇ ಗೋಡೆಗೂ ಮಗುವಿಗೂ ಒಟ್ಟಿಗೆ ಸ್ನಾನ.

ಬಣ್ಣವನ್ನೇ ಮನೆಯಲ್ಲಿ ಮಾಡಿಕೊಳ್ಳುವುದು ಇನ್ನೂ ಸೊಗಸು. ಬಂಗಾಳದ ಜಾಮಿನಿ ರಾಯ್ ಕಲ್ಕತ್ತಾದ ಸರ್ಕಾರಿ ಕಲಾಶಾಲೆಯಲ್ಲಿ ಯುರೋಪಿಯನ್ ಶೈಲಿ ಕಲಿತವರು. ಭಾವಚಿತ್ರ ಬರೆದು ಹೆಸರು ಮಾಡಿದ ಮೇಲೆ ಅದೆಲ್ಲ ಸಾಕೆನಿಸಿ ಹಳ್ಳಿಯ ಪಟಚಿತ್ರದ ಕಡೆ ತಿರುಗಿದರು. ದೀಪದ ಮಸಿ, ನೀಲಿ ಗಿಡದ ಬಣ್ಣ, ಸೀಮೆಸುಣ್ಣ, ಹುಣಸೆ ಬೀಜದ ಅಂಟು ಅವರ ಸಾಮಗ್ರಿಯಾಯಿತು. ಮಲೆನಾಡಿನ ಸಾಗರದ ಕಡೆಯ ದೀವರ ಹೆಣ್ಣುಮಕ್ಕಳಿಗೆ ಇದು ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಹಸೆ ಚಿತ್ತಾರಕ್ಕೆ ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಕಾದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಕುಂಚಕ್ಕೆ ಪುಂಡಿ ನಾರು.

ಮಕ್ಕಳ ಮಟ್ಟಕ್ಕೆ ಇಳಿಸುವುದಾದರೆ ಅರಿಸಿನ ಒಂದೇ ಸಾಕು. ಅರಿಸಿನದ ನೀರಿನಿಂದ ಹಾಳೆಯಿಡೀ ಬಳಿದು ಒಣಗಿಸಬೇಕು. ಅಡುಗೆ ಸೋಡಾ ಕದಡಿದ ನೀರಿನಲ್ಲಿ ಇಯರ್ ಬಡ್ ಅದ್ದಿ ಅದರ ಮೇಲೆ ಬರೆದರೆ ಹಳದಿಯೊಳಗಿಂದ ಕೆಂಪು ಗೆರೆ ಎದ್ದುಬರುತ್ತದೆ. ಆ ಗೆರೆಯ ಮೇಲೆ ನಿಂಬೆರಸ ಬಿದ್ದರೆ ಮತ್ತೆ ಹಳದಿ. ಆರತಿಯ ಓಕುಳಿ ಸುಣ್ಣ ಬಿದ್ದು ಕೆಂಪಾಗುವುದೂ ಇದೇ ಕಾರಣಕ್ಕೆ; ಅರಿಸಿನದ ಕರ್ಕ್ಯುಮಿನ್ ಕ್ಷಾರ ತಗುಲಿದಾಗ ಬಣ್ಣ ಬದಲಿಸುತ್ತದೆ. ಸುಣ್ಣ ಕೈ ಸುಡುವುದರಿಂದ ಮಕ್ಕಳಿಗೆ ಸೋಡಾನೇ ವಾಸಿ. ಶಂಖಪುಷ್ಪದ ನೀಲಿ ನೀರಿಗೆ ನಿಂಬೆ ಹಿಂಡಿದರೆ ನೇರಳೆ. ಆದರೆ ಬಿಸಿಲಿಗಿಟ್ಟರೆ ಅರಿಸಿನದ ಚಿತ್ರ ಕೆಲವೇ ದಿನಗಳಲ್ಲಿ ಮಾಸುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗೆರೆಯ ವಿಷಯಕ್ಕೆ ಬಂದರೆ ಕನ್ನಡಿಗರು ದೂರ ಹೋಗಬೇಕಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳಲ್ಲಿ ಕುಣಿಯುವವರು, ನುಡಿಸುವವರು ಕೆಲವೇ ಗೆರೆಗಳಲ್ಲಿ ಮೂಡಿಬಿಡುತ್ತಾರೆ. ಹಾಡು ಹಾಕಿ, ಕೈ ಎತ್ತದೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆಯುವ ಆಟಕ್ಕೆ ಮಕ್ಕಳು ಕೂಡಲೇ ಒಗ್ಗಿಕೊಳ್ಳುತ್ತಾರೆ; ಹಾಡು ನಿಂತಾಗ ಗೆರೆ ನಿಲ್ಲಬೇಕು. ಬಳ್ಳಿ ರಂಗೋಲಿ ಹಾಕುವ ಅಜ್ಜಿ ಮನೆಯಲ್ಲಿದ್ದರೆ ಗುರುವೂ ಸಿಕ್ಕಿದಂತೆ.

ದೊಡ್ಡವರಿಗೆ ಇದರಲ್ಲಿ ಕಷ್ಟದ ಕೆಲಸ ಬಾಯಿ ಮುಚ್ಚಿಕೊಂಡಿರುವುದು. 'ಇದೇನು?' ಎಂದು ಕೇಳಿದ ಕೂಡಲೇ, ಏನೂ ಆಗಬೇಕಿಲ್ಲದ ಬಣ್ಣವೂ ಏನೋ ಒಂದಾಗಲೇಬೇಕಾಗುತ್ತದೆ, ಮಗು ಬಾಯಿಗೆ ಬಂದದ್ದನ್ನು ಹೇಳಿ ಪಾರಾಗುತ್ತದೆ. 'ಸೂಪರ್' ಎಂಬ ಒಂದೇ ಪದದ ಮೆಚ್ಚುಗೆಯೂ ಬೇಗ ಸವೆಯುತ್ತದೆ. ಈ ನೀಲಿಯ ಮೇಲೆ ಹಳದಿ ಹೇಗೆ ಬಂತು, ಇಲ್ಲಿ ಯಾಕೆ ಇಷ್ಟು ಖಾಲಿ ಬಿಟ್ಟೆ ಎಂದು ಕಂಡದ್ದನ್ನು ಕೇಳಿದರೆ ಮಾತು ಬೆಳೆಯುತ್ತದೆ. ತಾಯಿಯೋ ತಂದೆಯೋ ಪಕ್ಕದಲ್ಲಿ ತಮ್ಮದೇ ಹಾಳೆ ಇಟ್ಟುಕೊಂಡು ಕೂತರೆ ಇನ್ನೂ ವಾಸಿ. ಮಗುವಿನ ಚಿತ್ರಕ್ಕೆ ಕೈ ಹಾಕಿ ತಿದ್ದುವ ಚಟಕ್ಕೆ ಅಷ್ಟು ಹೊತ್ತು ಬಿಡುವು ಸಿಗುತ್ತದೆ.

ಮೂಲ ಚಿತ್ರಗಳನ್ನು ತೋರಿಸಬೇಕೆನ್ನುವ ಬೆಂಗಳೂರಿನವರಿಗೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಫೋನಿನಲ್ಲಿ ಅಂಗೈಯಷ್ಟಿದ್ದದ್ದು ಗೋಡೆಯ ಮೇಲೆ ಎಷ್ಟು ದೊಡ್ಡದು, ಬಣ್ಣ ಎಲ್ಲಿ ಉಬ್ಬಿದೆ ಎಂಬುದು ಅಲ್ಲಿ ಕಾಣುತ್ತದೆ. ಮೂರು ಚಿತ್ರ ನೋಡಿದರೆ ಸಾಕು, ಆಮೇಲೆ ಅಂಗಳದ ಮರಗಳ ಕೆಳಗೆ ಓಡಾಟ.

ಉಳಿಯುವ ಪ್ರಶ್ನೆ ಹಾಳೆಗಳ ರಾಶಿಯದು. ಸ್ವಿಟ್ಜರ್ಲೆಂಡಿನಲ್ಲಿ ಬೆಳೆದ ಪೌಲ್ ಕ್ಲೀ 1911ರಲ್ಲಿ ತನ್ನ ಕೃತಿಗಳ ಪಟ್ಟಿ ಮಾಡಲು ಕೂತಾಗ ಬಾಲ್ಯದಲ್ಲಿ ಬರೆದ ಕೆಲವು ಚಿತ್ರಗಳನ್ನೂ ಅದರಲ್ಲಿ ಸೇರಿಸಿದ. ಆ ಹಾಳೆಗಳು ಹೆತ್ತವರ ಮನೆಯಲ್ಲಿ ಉಳಿದಿದ್ದರಿಂದಷ್ಟೇ ಅದು ಸಾಧ್ಯವಾಯಿತು. ಎಲ್ಲವನ್ನೂ ಇಡಲು ಯಾವ ಮನೆಯಲ್ಲೂ ಜಾಗವಿರುವುದಿಲ್ಲ. ತಿಂಗಳಿಗೆ ಎರಡನ್ನು ಮಗುವೇ ಆರಿಸಲಿ, ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ತಾರೀಕು, ವಯಸ್ಸು ಬರೆದು ಫೈಲಿಗೆ ಹಾಕಿದರಾಯಿತು. ಉಳಿದ ಹಾಳೆಗಳಲ್ಲಿ ಕೆಲವು ಶಾಲೆಯ ಪುಸ್ತಕಗಳಿಗೆ ಬೈಂಡ್ ಆಗುತ್ತವೆ, ಕೆಲವು ಹುಟ್ಟುಹಬ್ಬದ ಉಡುಗೊರೆ ಸುತ್ತಲು. ಮಿಕ್ಕಿದ್ದನ್ನು ಒಂದು ಡಬ್ಬದಲ್ಲಿ ಹಾಕಿ ಕತ್ತರಿಯ ಪಕ್ಕ ಇಡಬಹುದು. ಬಣ್ಣ ಬಳಿದ ಕಾಗದ ಮುಂದಿನ ಭಾನುವಾರಕ್ಕೆ ಹೇಗೂ ಬೇಕು.